ಹೊಳೆಯ ಜೀವಿಗಳಿಗೂ ಗಣತಿ ಬೇಕು

ಮಾನ್ಯ ಸಂಪಾದಕರೇ,

ಹುಲಿ ಗಣತಿಯ ವರದಿ ಹೊರಬಿದ್ದಾಗಲೆಲ್ಲ ನಾಡಿನ ಪತ್ರಿಕೆಗಳು ಅದನ್ನು ಮುಖಪುಟದಲ್ಲಿ ಪ್ರಕಟಿಸುತ್ತವೆ. 2022ರ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂಬುದನ್ನೂ 2023ರ ಆನೆ ಗಣತಿಯಲ್ಲಿ ರಾಜ್ಯದ ಆನೆಗಳ ಸಂಖ್ಯೆ 6,395 ಎಂದು ಅಂದಾಜಾದುದನ್ನೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಇದು ಸಂತೋಷದ ವಿಷಯವೇ. ಆದರೆ ಅದೇ ಕಾಡುಗಳ ನಡುವೆ ಹರಿಯುವ ಕಾವೇರಿ, ಕಬಿನಿ, ಭದ್ರಾ, ತುಂಗಾ ನದಿಗಳಲ್ಲಿ ಎಷ್ಟು ನೀರುನಾಯಿಗಳಿವೆ, ಯಾವ ಮಡುವಿನಲ್ಲಿ ಯಾವ ಮೀನು ಈಗಲೂ ಮರಿ ಮಾಡುತ್ತಿದೆ, ಮೃದುಚಿಪ್ಪಿನ ಆಮೆಗಳು ಯಾವ ದಂಡೆಗೆ ಬಂದು ಮೊಟ್ಟೆ ಇಡುತ್ತಿವೆ ಎಂದು ಯಾರಾದರೂ ಕೇಳಿದರೆ, ಹುಲಿ ಆನೆಗಳಿಗೆ ಇರುವಂತಹ ನಿಯತವಾದ ಗಣತಿಯೊಂದನ್ನು ತೋರಿಸಿ ಉತ್ತರ ಕೊಡುವ ಸ್ಥಿತಿಯಲ್ಲಿ ನಾವಿಲ್ಲ. ಸಿಹಿನೀರಿನ ವನ್ಯಜೀವಿಗಳ ಸಂರಕ್ಷಣೆಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ಜೀವವಿಜ್ಞಾನಿಯಾದ ನಾನು ಈ ಕೊರತೆಯ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಮತ್ತು ಸರ್ಕಾರದ ಗಮನ ಸೆಳೆಯಲು ಈ ಪತ್ರವನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದು ಕೇಳಿದವರಿಗೆ ಹೊಳೆಯಲ್ಲಿ ಕೆಲಸ ಎಂದರೆ, ಮೀನುಗಾರಿಕೆ ಇಲಾಖೆಯೇ ಎಂದು ಮರುಪ್ರಶ್ನೆ ಬರುತ್ತದೆ. ಮೀನುಗಾರಿಕೆಯ ವಿಜ್ಞಾನ ಮುಖ್ಯವಾಗಿ ಎಷ್ಟು ಮೀನು ಸಿಗುತ್ತದೆ, ಅದನ್ನು ಹೆಚ್ಚಿಸುವುದು ಹೇಗೆ ಎಂಬುದನ್ನು ನೋಡುತ್ತದೆ. ಕಾಟ್ಲ, ರೋಹು ಮರಿಗಳನ್ನು ಕೆರೆಗೆ ಬಿಟ್ಟು ಇಳುವರಿ ಪಡೆಯುವುದು ಅದರ ವ್ಯಾಪ್ತಿಗೆ ಬರುತ್ತದೆ, ಅದು ಸಾವಿರಾರು ಕುಟುಂಬಗಳಿಗೆ ಅನ್ನ ಕೊಡುವ ಕೆಲಸವೂ ಹೌದು. ನಮ್ಮ ಕೆಲಸ ಅದಕ್ಕಿಂತ ಬೇರೆ. ಮಾರುಕಟ್ಟೆಗೆ ಬಾರದ, ಯಾರೂ ಹರಾಜು ಕೂಗದ ಬೆರಳುದ್ದದ ಮೀನಿನಿಂದ ಹಿಡಿದು ಮೊಸಳೆಯವರೆಗೆ, ಹರಿಯುವ ನೀರನ್ನು ನಂಬಿಕೊಂಡಿರುವ ಕಾಡುಜೀವಿಗಳು ಉಳಿದಿವೆಯೇ, ಉಳಿಯಲು ಅವುಗಳಿಗೆ ಏನು ಬೇಕು ಎಂದು ತಿಳಿಯುವುದು ನಮ್ಮ ಪಾಲಿಗೆ ಬಂದಿದೆ. ಭೂಮಿಯ ಮೇಲ್ಮೈಯಲ್ಲಿ ಶೇಕಡಾ 1ಕ್ಕೂ ಕಡಿಮೆ ಜಾಗದಲ್ಲಿರುವ ಸಿಹಿನೀರಿನಲ್ಲಿ, ಜಗತ್ತಿನಲ್ಲಿ ಗೊತ್ತಿರುವ ಮೀನು ಜಾತಿಗಳ ಸುಮಾರು ಅರ್ಧದಷ್ಟು ವಾಸಿಸುತ್ತವೆ. 2025ರ ಜನವರಿಯಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು ಸಿಹಿನೀರಿನ ಮೀನು, ಏಡಿ, ಸೀಗಡಿ, ಕೊಡತಿಹುಳು (ಡ್ರ್ಯಾಗನ್‌ಫ್ಲೈ) ಗುಂಪುಗಳಲ್ಲಿ 23 ಸಾವಿರಕ್ಕೂ ಹೆಚ್ಚು ಜಾತಿಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಅಳಿವಿನ ಅಪಾಯದಲ್ಲಿದೆ ಎಂದು ಹೇಳಿದೆ. ಕಾಡು ಕಡಿದರೆ ಬೋಳಾದ ಗುಡ್ಡ ರಸ್ತೆಯಲ್ಲಿ ಹೋಗುವವರಿಗೂ ಕಾಣುತ್ತದೆ. ನೀರಿನೊಳಗೆ ಒಂದು ಜಾತಿ ಇಲ್ಲವಾದರೆ ಮೇಲಿನಿಂದ ನೋಡುವವರಿಗೆ ಹೊಳೆ ಹಿಂದಿನಂತೆಯೇ ಹರಿಯುತ್ತಿರುತ್ತದೆ. ಆದ್ದರಿಂದಲೇ ಇಲ್ಲಿ ಎಣಿಕೆಯ ಅಗತ್ಯ ಕಾಡಿನಲ್ಲಿರುವುದಕ್ಕಿಂತಲೂ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಲೆಕ್ಕವಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯ ಬೆನ್ನುಗೂನಿನ ಮಹಶೀರ್ ಮೀನಿಗಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ತಲೆಯ ಹಿಂದಿನಿಂದಲೇ ಬೆನ್ನು ಉಬ್ಬಿ ಏಳುವ, ಕಿತ್ತಳೆ ಛಾಯೆಯ ಈಜುರೆಕ್ಕೆಗಳ ಈ ಮೀನು ಕಾವೇರಿ ಕೊಳ್ಳವನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲ. ಐವತ್ತು ಕಿಲೋಗೂ ಮೀರಿ ಬೆಳೆಯಬಲ್ಲ ಇದನ್ನು ಹಿಡಿಯಲೆಂದೇ ಬ್ರಿಟಿಷರ ಕಾಲದಿಂದ ಗಾಳದ ಹವ್ಯಾಸಿಗಳು ಮೈಸೂರು ಸೀಮೆಗೆ ಬರುತ್ತಿದ್ದರು. ಪ್ರಾಣಿಗಳ ಚರ್ಮ ಹದಮಾಡಿ ತುಂಬುವುದರಲ್ಲಿ ಹೆಸರಾಗಿದ್ದ ಮೈಸೂರಿನ ವಾನ್ ಇಂಗನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಹೀಗೆ ನೂರಕ್ಕೂ ಹೆಚ್ಚು ವರ್ಷ ಲೋಕಪ್ರಸಿದ್ಧವಾಗಿದ್ದ ಮೀನಿಗೆ ವೈಜ್ಞಾನಿಕವಾಗಿ ಖಚಿತವಾದ ಹೆಸರು ಸಿಕ್ಕಿದ್ದು 2018ರಲ್ಲಿ ಎಂದರೆ ಓದುಗರಿಗೆ ನಂಬುವುದು ಕಷ್ಟವಾಗಬಹುದು. ಕೇರಳದ ಪಾಂಬಾರ್ ನದಿಯಿಂದ ಮೊದಲೇ ವರ್ಣಿಸಲಾಗಿದ್ದ ಟಾರ್ ರೇಮಾದೇವಿ ಎಂಬ ಜಾತಿಯೂ ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನೂ ಒಂದೇ ಎಂದು ಡಿಎನ್‌ಎ ಮತ್ತು ದೇಹಲಕ್ಷಣಗಳನ್ನು ಹೋಲಿಸಿ ವಿಜ್ಞಾನಿಗಳು ಆ ವರ್ಷ ಪ್ರಕಟಿಸಿದರು. ಪಾಂಬಾರ್ ಕೂಡ ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುವ ನದಿ. ಹೆಸರು ಖಚಿತವಾದ ಅದೇ ವರ್ಷ ಈ ಮೀನು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿಯೆಂದು ದಾಖಲಾಯಿತು. ಹೆಸರಿಲ್ಲದ ಜಾತಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ, ಸ್ಥಾನವಿಲ್ಲದ ಜಾತಿಗೆ ಹಣವೂ ರಕ್ಷಣೆಯೂ ದೊರಕುವುದಿಲ್ಲ.

ಅಷ್ಟರೊಳಗೆ ಆಗಬಾರದ್ದು ಬಹುಪಾಲು ಆಗಿಹೋಗಿತ್ತು. 1970ರ ದಶಕದ ಕೊನೆಯಿಂದ ಕಾವೇರಿಯಲ್ಲಿ ಮಹಶೀರ್ ಸಂತತಿ ಹೆಚ್ಚಲಿ ಎಂಬ ಸದುದ್ದೇಶದಿಂದಲೇ ಮಹಾರಾಷ್ಟ್ರದ ಲೋನಾವಳದಲ್ಲಿ ಕೃತಕವಾಗಿ ಬೆಳೆಸಿದ ಮಹಶೀರ್ ಮರಿಗಳನ್ನು ತಂದು ಬಿಡಲಾಯಿತು. ಆದರೆ ಅವು ಕೃಷ್ಣಾ ಕೊಳ್ಳದ, ನೀಲಿ ಈಜುರೆಕ್ಕೆಯ ಬೇರೊಂದು ಜಾತಿಯ ಮೀನುಗಳು. ಎರಡೂ ಮಹಶೀರ್ ಎಂಬ ಒಂದೇ ಹೆಸರಿನಲ್ಲಿ ಕರೆಸಿಕೊಳ್ಳುತ್ತಿದ್ದುದರಿಂದ ನದಿಯಲ್ಲಿ ಮಹಶೀರ್ ಹೆಚ್ಚುತ್ತಿದೆ ಎಂದು ಎಲ್ಲರೂ ಹಿಗ್ಗಿದರು. ಹೆಚ್ಚುತ್ತಿದ್ದುದು ಹೊರಗಿನ ಮೀನು, ಕರಗುತ್ತಿದ್ದುದು ಕಾವೇರಿಯ ಸ್ವಂತ ಮೀನು. ಇದು ಗೊತ್ತಾದದ್ದು ಯಾವುದೇ ಸರ್ಕಾರಿ ಸಮೀಕ್ಷೆಯಿಂದಲ್ಲ. ಮೇಕೆದಾಟಿನ ಆಸುಪಾಸಿನ ಮೀನು ಶಿಬಿರಗಳಲ್ಲಿ ಗಾಳ ಹಾಕುತ್ತಿದ್ದವರು ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆ ಪುಸ್ತಕಗಳನ್ನು ಸಂಶೋಧಕರು ಮುಂದೆ ಬಿಡಿಸಿ ನೋಡಿದಾಗ, ನೀಲಿ ರೆಕ್ಕೆಯ ಮೀನಿನ ಸಂಖ್ಯೆ ಏರುತ್ತಾ, ಗೂನುಬೆನ್ನಿನ ಮೀನಿನ ಸಂಖ್ಯೆ ಇಳಿಯುತ್ತಾ ಬಂದುದು ಸ್ಪಷ್ಟವಾಗಿ ಕಂಡಿತು. ಸಂರಕ್ಷಿತ ಪ್ರದೇಶದೊಳಗೆ ಗಾಳ ಹಾಕುವುದಕ್ಕೆ ನಿರ್ಬಂಧ ಬಂದ ಮೇಲೆ ಆ ಶಿಬಿರಗಳು ನಿಂತವು, ಅವುಗಳ ಜೊತೆಗೆ ದಾಖಲೆಯೂ ನಿಂತಿತು. ಆ ನಿರ್ಬಂಧ ಸರಿಯೇ ತಪ್ಪೇ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಹವ್ಯಾಸಿಗಳ ನೋಟ್‌ಬುಕ್ ಮುಚ್ಚಿದ ದಿನ ಅದರ ಜಾಗದಲ್ಲಿ ಸಾರ್ವಜನಿಕ ಸಂಸ್ಥೆಯೊಂದರ ನೋಟ್‌ಬುಕ್ ತೆರೆಯಬೇಕಿತ್ತು ಎಂಬುದಷ್ಟೇ ನನ್ನ ಮಾತು. ಹೊರಗಿನ ಮಹಶೀರ್ ಒಂದೇ ಈ ಕುಸಿತಕ್ಕೆ ಕಾರಣವೆಂದು ಹೇಳುವುದೂ ಸರಿಯಲ್ಲ. ತೋಟೆ ಸಿಡಿಸಿ ಮೀನು ಹಿಡಿಯುವುದು, ಮರಳು ತೆಗೆಯುವುದು, ಅಣೆಕಟ್ಟುಗಳಿಂದ ಹರಿವು ಏರುಪೇರಾಗುವುದು ಇವೆಲ್ಲವೂ ಕೂಡಿಯೇ ಕೆಲಸ ಮಾಡಿವೆ. ಯಾವುದು ಎಷ್ಟರಮಟ್ಟಿಗೆ ಎಂದು ಬಿಡಿಸಿ ಹೇಳಬೇಕಾದರೆ ವರ್ಷದಿಂದ ವರ್ಷಕ್ಕೆ ಒಂದೇ ವಿಧಾನದಲ್ಲಿ ಸಂಗ್ರಹಿಸಿದ ಅಂಕಿಅಂಶ ಬೇಕು.

ತುಂಗಭದ್ರೆಯ ವಿಷಯಕ್ಕೆ ಬರುತ್ತೇನೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ರಾಜ್ಯ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ದೇಶದಲ್ಲಿ ನೀರುನಾಯಿಗಾಗಿಯೇ ಘೋಷಣೆಯಾದ ಮೊದಲ ಮೀಸಲು ಅದು, ಕನ್ನಡಿಗರು ಹೆಮ್ಮೆಪಡಬೇಕಾದ ನಿರ್ಧಾರ. ಹಂಪಿಗೆ ಬರುವ ಲಕ್ಷಾಂತರ ಪ್ರವಾಸಿಗರಲ್ಲಿ ತಾವು ಹರಿಗೋಲಿನಲ್ಲಿ ದಾಟುತ್ತಿರುವುದು ಅಂತಹ ನದಿಯನ್ನು ಎಂದು ತಿಳಿದವರು ಬಹಳ ಕಡಿಮೆ. ಇಲ್ಲಿನ ನೀರುನಾಯಿಗಳು ನುಣುಪು ತುಪ್ಪಳದ ಜಾತಿಯವು, ಕುಟುಂಬವಾಗಿ ಬದುಕುತ್ತವೆ, ಒಟ್ಟಾಗಿ ಬೇಟೆಯಾಡುತ್ತವೆ. ಅವುಗಳನ್ನು ಕಣ್ಣಿಂದ ನೋಡಿ ಎಣಿಸುವುದು ಹೇಳುವಷ್ಟು ಸುಲಭವಲ್ಲ. ಒಂದೇ ಕುಟುಂಬ ಬೆಳಿಗ್ಗೆ ಒಂದು ಕಡೆ, ಸಂಜೆ ಕೆಲವು ಕಿಲೋಮೀಟರ್ ಆಚೆ ಕಾಣಿಸಿಕೊಂಡು ಲೆಕ್ಕ ತಪ್ಪಿಸುತ್ತದೆ.

ಆದ್ದರಿಂದ ನಾವು ಹೆಚ್ಚಾಗಿ ಅವುಗಳ ಹಿಕ್ಕೆಯನ್ನು ಹುಡುಕುತ್ತೇವೆ. ನೀರಿನ ಅಂಚಿನ ಚಪ್ಪಟೆ ಬಂಡೆಗಳ ಮೇಲೆ ಅಥವಾ ಜೊಂಡಿನ ಪಕ್ಕದ ಮರಳಿನ ಮೇಲೆ ಇಡೀ ಕುಟುಂಬ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಹೊಸದಾದರೆ ಕಪ್ಪಗೆ ಲೋಳೆಯಾಗಿರುತ್ತದೆ, ಕಟುವಾದ ಮೀನಿನ ವಾಸನೆ ಗಾಳಿಯಲ್ಲಿ ದೂರದಿಂದಲೇ ಬರುತ್ತದೆ. ಬಿಸಿಲಿಗೆ ಒಣಗಿದ ಮೇಲೆ ಅದು ಬೂದುಬಣ್ಣಕ್ಕೆ ತಿರುಗಿ, ಬರೀ ಹುರುಪೆ ಮುಳ್ಳುಗಳ ಪುಡಿಗುಡ್ಡೆಯಾಗುತ್ತದೆ. ಅದನ್ನು ಜರಡಿಯಲ್ಲಿ ಹಾಕಿ ತೊಳೆದು, ಒಣಗಿಸಿ, ಒಂದೊಂದೇ ಹುರುಪೆಯನ್ನು ಚಿಮುಟದಿಂದ ಎತ್ತಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಅದರ ಮೇಲಿನ ಗೆರೆಗಳ ವಿನ್ಯಾಸದಿಂದ ಮೀನು ಯಾವ ಗುಂಪಿನದು ಎಂದು ಹೇಳಬಹುದು. ಮರದ ಕಾಂಡದಲ್ಲಿರುವಂತೆ ಹುರುಪೆಯಲ್ಲೂ ಬೆಳವಣಿಗೆಯ ಉಂಗುರಗಳಿರುವುದರಿಂದ ಮೀನಿನ ವಯಸ್ಸಿನ ಅಂದಾಜೂ ಸಿಗುತ್ತದೆ. ಆಫ್ರಿಕಾ ಮೂಲದ, 1952ರಲ್ಲಿ ದೇಶಕ್ಕೆ ಬಂದ, ನಮ್ಮ ಮಾರುಕಟ್ಟೆಗಳಲ್ಲಿ ಜಿಲೇಬಿ ಎಂದು ಮಾರಾಟವಾಗುವ ಟಿಲಾಪಿಯ ಮೀನಿನ ಹುರುಪೆಗಳನ್ನು ಹಿಕ್ಕೆಯಲ್ಲಿ ಕಂಡಾಗ, ಆ ಭಾಗದ ಹೊಳೆಯಲ್ಲಿ ಊರಿನ ಮೀನಿನ ಜಾಗವನ್ನು ಯಾರು ಹಿಡಿಯುತ್ತಿದ್ದಾರೆ ಎಂಬ ಸುಳಿವು ಸಿಕ್ಕಂತಾಗುತ್ತದೆ. ಒಂದು ಹಿಡಿ ಹಿಕ್ಕೆಯಲ್ಲಿ ನೀರುನಾಯಿಯ ಇರುವಿಕೆ, ಅದರ ಆಹಾರ, ನದಿಯ ಮೀನಿನ ಸ್ಥಿತಿ ಮೂರೂ ಇರುತ್ತವೆ. ಪ್ರತಿ ವರ್ಷ ಒಂದೇ ಕಾಲದಲ್ಲಿ, ಒಂದೇ ದಂಡೆಗಳಲ್ಲಿ ನಡೆದು ಈ ಗುರುತುಗಳನ್ನು ದಾಖಲಿಸಿದರೆ ಸಂಖ್ಯೆ ಪಕ್ಕಾ ಸಿಗದಿದ್ದರೂ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದು ಖಂಡಿತ ಸಿಗುತ್ತದೆ. ಇದಕ್ಕೆ ದುಬಾರಿ ಯಂತ್ರಗಳು ಬೇಕಿಲ್ಲ. ತರಬೇತಿ ಪಡೆದ ನಾಲ್ಕಾರು ಜನ, ಓಡಾಟದ ಖರ್ಚು ಮತ್ತು ಮುಂದಿನ ವರ್ಷವೂ ಕೆಲಸ ಮುಂದುವರಿಯುತ್ತದೆ ಎಂಬ ಭರವಸೆ ಸಾಕು. ಈ ಕೊನೆಯದು ಸಿಗುವುದೇ ಅತ್ಯಂತ ಕಷ್ಟ. ಎರಡು ಮೂರು ವರ್ಷದ ಯೋಜನೆಯ ಹಣ ಮುಗಿದ ಕೂಡಲೇ ಒಂದು ತಂಡದ ಕೆಲಸ ನಿಲ್ಲುತ್ತದೆ, ಮುಂದೆ ಬರುವವರು ಬೇರೆ ವಿಧಾನದಲ್ಲಿ ಹೊಸದಾಗಿ ಪ್ರಾರಂಭಿಸುತ್ತಾರೆ, ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಆಗುವುದೇ ಇಲ್ಲ.

ಅದೇ ನದಿಯಲ್ಲಿ ಲೀತ್‌ನ ಮೃದುಚಿಪ್ಪಿನ ಆಮೆಯೂ ಇದೆ. ಭಾರತದ ಪರ್ಯಾಯದ್ವೀಪ ಭಾಗದ ನದಿಗಳಿಗಷ್ಟೇ ಸೀಮಿತವಾದ ಈ ಆಮೆಯನ್ನು 2021ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು, ಮರುವರ್ಷ ಪನಾಮಾದಲ್ಲಿ ನಡೆದ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಮ್ಮೇಳನದಲ್ಲಿ ಭಾರತವೇ ಪ್ರಸ್ತಾಪಿಸಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಟ್ಟುನಿಟ್ಟಿನ ನಿಷೇಧವನ್ನು ತಂದಿತು. ಜಗತ್ತಿನ ಮುಂದೆ ಇಷ್ಟು ಜವಾಬ್ದಾರಿಯಿಂದ ನಡೆದುಕೊಂಡ ನಾವು ಆ ಆಮೆ ಮೊಟ್ಟೆ ಇಡುವ ದಂಡೆಗಳ ನಕ್ಷೆಯನ್ನು ಮನೆಯಲ್ಲಿ ಇನ್ನೂ ಮಾಡಿಲ್ಲ. ನಕ್ಷೆಯಿಲ್ಲದೆ ಮರಳು ಬ್ಲಾಕ್‌ಗಳನ್ನು ಗುರುತಿಸಿದರೆ ಯಾವ ದಂಡೆಯನ್ನು ಬಿಡಬೇಕೆಂದು ಅಧಿಕಾರಿಗಾದರೂ ಹೇಗೆ ತಿಳಿಯಬೇಕು?

ಮಲೆನಾಡಿನವರಿಗೆ ಹತ್ತುಮೀನಿನ ಪರಿಚಯ ಬೇಕಾಗಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳಗಳು ಕೆಂಪಾಗಿ ಉಕ್ಕಿದ ರಾತ್ರಿ ಹೊಳೆಯ ಮೀನುಗಳು ಹರಿವಿಗೆ ಎದುರಾಗಿ ಮೇಲೇರಿ, ತೋಡುಗಳನ್ನು ಹಿಡಿದು ಗದ್ದೆಯ ಬದುಗಳವರೆಗೂ ಬರುತ್ತವೆ. ಬೆರಳ ಎತ್ತರದ ನೀರಿನಲ್ಲಿ ಬೆನ್ನು ಹೊರಗೆ ಕಾಣುವಂತೆ, ಹುಲ್ಲನ್ನು ಸೀಳಿಕೊಂಡು, ಪಟಪಟನೆ ಬಾಲ ಬಡಿಯುತ್ತಾ ಅವು ನುಗ್ಗುವುದನ್ನು ನೋಡಿದವರು ಮರೆಯುವುದಿಲ್ಲ. ಹೆಣ್ಣು ಮೀನಿನ ಹೊಟ್ಟೆ ಆಗ ಮೊಟ್ಟೆಯಿಂದ ಬಿಗಿದಿರುತ್ತದೆ. ಕಲ್ಲುಗರಸಿನ ಮೇಲೆ, ಮುಳುಗಿದ ಹುಲ್ಲಿನ ನಡುವೆ ಮೊಟ್ಟೆ ಇಟ್ಟು, ಮಳೆ ಇಳಿಯುವುದರೊಳಗೆ ಮತ್ತೆ ಹೊಳೆಗೆ ಮರಳಬೇಕು. ಈ ಹಾದಿಯಲ್ಲಿ ಕೂಳಿ ಇಟ್ಟು, ಕತ್ತಿ ಹಿಡಿದು ಮೀನು ಹೊಡೆಯುವುದು ಹಳೆಯ ರೂಢಿ, ಅದರ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ಮನೆಯ ಸಾರಿಗಾಗುವಷ್ಟು ಹಿಡಿಯುತ್ತಿದ್ದ ಕಾಲದಲ್ಲಿ ಹೊಳೆಗೂ ಊರಿಗೂ ಅದರಿಂದ ಕೆಡುಕಾಗಿರಲಿಲ್ಲ. ಈಗ ಹಳ್ಳದ ಅಡ್ಡಗಲಕ್ಕೂ ಬಲೆ ಕಟ್ಟಿ ಒಂದು ಮೀನನ್ನೂ ಮೇಲಕ್ಕೆ ಬಿಡದಿರುವುದು, ಇನ್ವರ್ಟರ್ ಬ್ಯಾಟರಿಯಿಂದ ಕರೆಂಟ್ ಹಾಯಿಸುವುದು ನಡೆಯುತ್ತಿದೆ. ಅದನ್ನೂ ದಾಟಿ ಬಂದ ಮೀನಿಗೆ ರಸ್ತೆಯ ಮೋರಿ ಎದುರಾಗುತ್ತದೆ. ಮೋರಿಯ ಪೈಪನ್ನು ಹಳ್ಳದ ಪಾತಳಿಗಿಂತ ಎರಡು ಅಡಿ ಎತ್ತರದಲ್ಲಿ ಕೂರಿಸಿಬಿಟ್ಟರೆ, ಮೇಲಿನ ನೀರು ಅಲ್ಲಿಂದ ಜಲಪಾತವಾಗಿ ಬೀಳುತ್ತದೆ. ಗೇಣುದ್ದದ ಮೀನು ಅದನ್ನು ಹತ್ತಲಾರದೆ ಕೆಳಗಿನ ಗುಂಡಿಯಲ್ಲೇ ಸುತ್ತುತ್ತಾ ಉಳಿಯುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ. ಪೈಪನ್ನು ಪಾತಳಿಗೆ ಸಮವಾಗಿ, ಸ್ವಲ್ಪ ಹೂತು ಹಾಕಲು ಹೆಚ್ಚಿನ ವೆಚ್ಚವಾಗುವುದಿಲ್ಲ. ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರರಿಗೆ ಇಲ್ಲಿ ಮೀನು ಹತ್ತುತ್ತದೆ ಎಂದು ಹೇಳುವವರಿರಬೇಕು. ಕಿಂಡಿ ಅಣೆಕಟ್ಟುಗಳ ಹಲಗೆಗಳನ್ನು ಮುಂಗಾರಿಗೆ ಮುನ್ನ ತೆಗೆಯುವುದು ತಡವಾದಾಗಲೂ ಇದೇ ತೊಂದರೆಯಾಗುತ್ತದೆ. ಇಂತಹ ಹಳ್ಳಗಳು ಎಲ್ಲೆಲ್ಲಿವೆ ಎಂಬ ತಿಳುವಳಿಕೆ ಪ್ರತಿ ಊರಿನಲ್ಲೂ ಇದೆ, ಯಾವ ಕಡತದಲ್ಲೂ ಇಲ್ಲ.

ಇಲ್ಲಿ ನಮ್ಮ ದೇವಸ್ಥಾನಗಳ ಮತ್ಸ್ಯಧಾಮಗಳನ್ನು ನೆನೆಯದೆ ಮುಂದೆ ಹೋಗಲಾರೆ. ಶೃಂಗೇರಿಯಲ್ಲಿ ತುಂಗೆಯ ದಡದಲ್ಲಿ, ತೀರ್ಥಹಳ್ಳಿ ಸಮೀಪದ ಛಿಬ್ಬಲಗುಡ್ಡೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲಾ ಹೊಳೆಯಲ್ಲಿ ಭಕ್ತರು ಮಂಡಕ್ಕಿ ಎಸೆದಾಗ ನೀರಿನ ಮೇಲೆ ಮುತ್ತಿಕೊಳ್ಳುವ ಮೀನುಗಳನ್ನು ದೇವರ ಮೀನೆಂದು ತಲೆಮಾರುಗಳಿಂದ ಕಾದುಕೊಂಡು ಬಂದಿದ್ದಾರೆ. ಯಾವ ಕಾಯ್ದೆಯೂ ಇಲ್ಲದ ಕಾಲದಲ್ಲಿ ಜನರೇ ಮಾಡಿದ ಸಂರಕ್ಷಣೆ ಇದು. 1996ರಲ್ಲಿ ಶಿಶಿಲದಲ್ಲಿ ಯಾರೋ ಹೊಳೆಗೆ ವಿಷ ಬೆರೆಸಿ ಸಾವಿರಾರು ಮೀನುಗಳು ಸತ್ತಾಗ ಊರವರು ದುಃಖಪಟ್ಟು ಅವುಗಳಿಗಾಗಿ ಸ್ಮಾರಕವನ್ನೇ ಕಟ್ಟಿದರು. ಆದರೆ ಒಂದು ಮಡುವನ್ನು ಕಾಯುವುದರಿಂದ ಮೀನು ಪೂರ್ತಿ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಮಡುವಿನಲ್ಲಿ ಬೇಸಿಗೆ ಕಳೆಯುವ ಮಹಶೀರ್ ಮಳೆಗಾಲದಲ್ಲಿ ಮೊಟ್ಟೆ ಇಡಲು ಮೇಲಿನ ಹೊಳೆಗೆ ಹೋಗುತ್ತದೆ. ದೇವಸ್ಥಾನದ ಮೆಟ್ಟಿಲಿನ ಬಳಿ ಕೈಮುಗಿಸಿಕೊಳ್ಳುವ ಅದೇ ಮೀನು ಎರಡು ಮೈಲಿ ಮೇಲಕ್ಕೆ ಹೋದರೆ ತೋಟೆಗೆ ಬಲಿಯಾಗುತ್ತದೆ. ಸ್ಫೋಟಕ ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಹೇಳಿದೆ. ನೂರಿಪ್ಪತ್ತೈದು ವರ್ಷ ಕಳೆದರೂ ಆ ಸದ್ದು ನಮ್ಮ ಹೊಳೆಗಳಲ್ಲಿ ಕೇಳುತ್ತಿದೆ. ಒಂದು ತೋಟೆಗೆ ದೊಡ್ಡ ಮೀನಿನ ಜೊತೆ ಮರಿ, ಮೊಟ್ಟೆ, ಏಡಿ, ಹುಳ ಎಲ್ಲವೂ ನಾಶವಾಗುತ್ತವೆ. ಸತ್ತ ಮೀನಿನಲ್ಲಿ ಬಹಳಷ್ಟು ತಳಕ್ಕೆ ಮುಳುಗಿ ಹೊಡೆದವನ ಕೈಗೂ ಸಿಗುವುದಿಲ್ಲ.

ಹೊಣೆ ಯಾರದು ಎಂದು ಕೇಳಿದರೆ ಉತ್ತರ ಹರಿದು ಹಂಚಿಹೋಗಿದೆ. ನದಿಯ ನೀರು ಜಲಸಂಪನ್ಮೂಲ ಇಲಾಖೆಯದು, ಮೀನು ಮೀನುಗಾರಿಕೆ ಇಲಾಖೆಯದು, ನೀರುನಾಯಿ ಆಮೆಗಳು ಅರಣ್ಯ ಇಲಾಖೆಯವು, ಮರಳು ಗಣಿ ಮತ್ತು ಭೂವಿಜ್ಞಾನ ಇಲಾಖೆಯದು, ನೀರಿಗೆ ಸೇರುವ ಕೊಳಕು ಮಾಲಿನ್ಯ ನಿಯಂತ್ರಣ ಮಂಡಳಿಯ ವಿಷಯ. ಇವುಗಳಲ್ಲಿ ಪ್ರತಿಯೊಂದರಲ್ಲೂ ಪ್ರಾಮಾಣಿಕವಾಗಿ ದುಡಿಯುವ ಅಧಿಕಾರಿಗಳಿದ್ದಾರೆ, ಅವರ ಸಹಕಾರವಿಲ್ಲದೆ ನಮ್ಮ ಕೆಲಸ ಒಂದು ದಿನವೂ ನಡೆಯದು. ಆದರೂ ಹೊಳೆಯನ್ನು ಜೀವಿಗಳ ನೆಲೆಯೆಂದು ಒಟ್ಟಾಗಿ ನೋಡುವ ಮೇಜು ಇವುಗಳಲ್ಲಿ ಯಾವುದರಲ್ಲೂ ಇಲ್ಲ. ಕಾನೂನಿನಲ್ಲಿ ಕೊರತೆಯಿದೆಯೆಂದು ನಾನು ಭಾವಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಈಗಿನ ವ್ಯಾಖ್ಯಾನದಲ್ಲಿ ಪ್ರಾಣಿ ಎಂದರೆ ಸಸ್ತನಿ, ಹಕ್ಕಿ, ಸರೀಸೃಪಗಳ ಜೊತೆಗೆ ಉಭಯಚರಗಳೂ ಮೀನೂ ಅಕಶೇರುಕಗಳೂ ಸೇರಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿನೀರನ್ನು ವರ್ಗೀಕರಿಸುವಾಗ ವನ್ಯಜೀವಿ ಮತ್ತು ಮೀನುಗಳ ಬೆಳವಣಿಗೆಗೆ ತಕ್ಕ ನೀರನ್ನು ಪ್ರತ್ಯೇಕವಾದ ಡಿ ವರ್ಗವಾಗಿ ಗುರುತಿಸಿದೆ, ಅದರಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕೆಂದು ಹೇಳಿದೆ. ಬೇಸಿಗೆಯಲ್ಲಿ ಕೆರೆಯ ಮೀನುಗಳು ರಾಶಿಯಾಗಿ ಸತ್ತು ತೇಲಿದ ಸುದ್ದಿ ತಮ್ಮ ಪತ್ರಿಕೆಯಲ್ಲೂ ಬರುತ್ತದೆ. ಅಂತಹ ಬಹಳಷ್ಟು ಸಾವುಗಳು ನಸುಕಿನಲ್ಲಿ ಆಗುತ್ತವೆ, ಏಕೆಂದರೆ ರಾತ್ರಿಯಿಡೀ ಪಾಚಿಯೂ ಉಸಿರಾಡಿ ನೀರಿನ ಆಮ್ಲಜನಕವನ್ನು ಬಳಸಿಕೊಂಡಿರುತ್ತದೆ, ಬೆಳಕು ಹರಿಯುವ ಹೊತ್ತಿಗೆ ಅದು ಅತ್ಯಂತ ಕಡಿಮೆಯಾಗಿರುತ್ತದೆ. ಮಾದರಿ ನೀರನ್ನು ಮಧ್ಯಾಹ್ನ ಹನ್ನೆರಡಕ್ಕೆ ತೆಗೆದರೆ ಪಾಚಿ ಬಿಸಿಲಿನಲ್ಲಿ ಆಮ್ಲಜನಕ ತಯಾರಿಸುತ್ತಿರುವುದರಿಂದ ಎಲ್ಲವೂ ಸರಿಯಾಗಿದೆಯೆಂದು ಅಂಕಿ ಹೇಳುತ್ತದೆ. ಯಾವಾಗ, ಎಲ್ಲಿ, ಹೇಗೆ ಅಳೆಯಬೇಕು ಎಂದು ತಿಳಿದವರು ಬೇಕೆಂದು ನಾನು ಹೇಳುವುದು ಇದಕ್ಕಾಗಿ.

ನದಿಯ ಜೀವಿಗಳನ್ನು ಎಣಿಸುವುದು ಸಾಧ್ಯವೇ ಎಂಬ ಅನುಮಾನಕ್ಕೆ ಉತ್ತರ ಉತ್ತರ ಭಾರತದಲ್ಲಿ ಸಿಕ್ಕಿದೆ. ಎಂಟು ರಾಜ್ಯಗಳ 28 ನದಿಗಳಲ್ಲಿ 8,500 ಕಿಲೋಮೀಟರಿಗೂ ಹೆಚ್ಚು ದೂರ ಸಮೀಕ್ಷೆ ಮಾಡಿ, ದೇಶದ ನದಿಗಳಲ್ಲಿ 6,327 ಡಾಲ್ಫಿನ್‌ಗಳಿವೆ ಎಂಬ ಮೊದಲ ಸಮಗ್ರ ಅಂದಾಜನ್ನು ಕೇಂದ್ರ ಸರ್ಕಾರ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಕೆಲವೇ ಕ್ಷಣ ಉಸಿರಿಗಾಗಿ ಮೇಲೆ ಬಂದು ಕದಡಿದ ನೀರಿನೊಳಗೆ ಮರೆಯಾಗುವ ಪ್ರಾಣಿಯನ್ನು ಎಣಿಸಬಹುದಾದರೆ ತುಂಗಭದ್ರೆಯ ನೀರುನಾಯಿಯನ್ನೂ ಎಣಿಸಬಹುದು. ಮೀನುಗಳಿಗೆ ಈಗ ಇನ್ನೊಂದು ದಾರಿಯೂ ತೆರೆದಿದೆ. ಜೀವಿಗಳ ಮೈಯಿಂದ ಲೋಳೆ, ಹುರುಪೆ, ಮಲಗಳ ರೂಪದಲ್ಲಿ ನೀರಿಗೆ ಸೇರುವ ಡಿಎನ್‌ಎ ಅಂಶವನ್ನು ಸಣ್ಣ ಸೋಸುಹಾಳೆಯಲ್ಲಿ ಹಿಡಿದು, ಆ ನೀರಿನಲ್ಲಿ ಯಾವ ಯಾವ ಜಾತಿಗಳಿವೆ ಎಂದು ಪ್ರಯೋಗಾಲಯದಲ್ಲಿ ಪತ್ತೆಮಾಡಬಹುದು. ಮೀನನ್ನು ಹಿಡಿಯದೆ, ಬಲೆ ಹಾಕದೆ, ಸಂರಕ್ಷಿತ ಮಡುಗಳಲ್ಲಿಯೂ ಇದನ್ನು ಮಾಡಬಹುದು. ಎಷ್ಟು ಮೀನುಗಳಿವೆ ಎಂಬುದನ್ನು ಈ ವಿಧಾನ ಖಚಿತವಾಗಿ ಹೇಳುವುದಿಲ್ಲವಾದರೂ, ಇದೆಯೇ ಇಲ್ಲವೇ ಎಂಬ ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಈ ಎಣಿಕೆಯಲ್ಲಿ ಮೀನುಗಾರರನ್ನು ಪಾಲುದಾರರನ್ನಾಗಿ ಸೇರಿಸದಿದ್ದರೆ ಅದು ಒಂದು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಬೆಳಗಿನ ಜಾವ ತೆಪ್ಪ ಇಳಿಸುವ ಮೀನುಗಾರರಿಗೆ ತಮ್ಮ ಸೀಮೆಯ ಮಡುಗಳ ಆಳ, ಮೀನಿನ ಋತು, ಆಮೆಯ ದಂಡೆ ಎಲ್ಲವೂ ಗೊತ್ತು. ನಾನು ಕಲಿತ ಅರ್ಧದಷ್ಟು ವಿದ್ಯೆಯನ್ನು ಕಲಿಸಿದವರು ಅವರೇ. ಅವರ ಕಷ್ಟವನ್ನೂ ನೋಡಬೇಕು. ನೀರುನಾಯಿ ಬಲೆ ಹರಿದು ಮೀನು ಎಳೆದುಕೊಂಡು ಹೋದರೆ ಆ ದಿನದ ದುಡಿಮೆ ಹೋಯಿತು, ಬಲೆಗೆ ಹಾಕಿದ ಸಾಲವೂ ತಲೆಯ ಮೇಲೆ ಉಳಿಯಿತು. ಆನೆ ಬೆಳೆ ತುಳಿದರೆ ಪರಿಹಾರ ಕೇಳಲು ರೈತನಿಗೊಂದು ಅರ್ಜಿ ನಮೂನೆಯಾದರೂ ಇದೆ. ಬಲೆ ಕಳೆದುಕೊಂಡವನಿಗೂ ಅಂತಹದೊಂದು ದಾರಿ ಇರಬೇಕು, ಸಮೀಕ್ಷೆಯ ದಿನಗಳಿಗೆ ಅವನಿಗೆ ನ್ಯಾಯವಾದ ದಿನಗೂಲಿ ಸಿಗಬೇಕು. ಆಗ ತೋಟೆಯ ಸದ್ದು ಕೇಳಿದ ಕೂಡಲೇ ಫೋನು ಮಾಡುವವರು ಅವರೇ ಆಗುತ್ತಾರೆ, ಏಕೆಂದರೆ ತೋಟೆಯಿಂದ ಮೊದಲು ಹೊಟ್ಟೆಗೆ ಪೆಟ್ಟು ಬೀಳುವುದು ಅವರದೇ.

ಆದ್ದರಿಂದ ಸರ್ಕಾರವನ್ನು ನಾನು ಕೇಳುವುದಿಷ್ಟು. ಕಾವೇರಿಯ ಮೇಕೆದಾಟು ಭಾಗ, ತುಂಗಭದ್ರೆಯ ನೀರುನಾಯಿ ಮೀಸಲು ಮತ್ತು ಮಲೆನಾಡಿನ ಯಾವುದಾದರೂ ಒಂದು ಹೊಳೆ, ಇವುಗಳನ್ನು ಮೊದಲ ಹಂತಕ್ಕೆ ಆರಿಸಿಕೊಂಡು ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳು ಜಂಟಿಯಾಗಿ ಪ್ರತಿ ವರ್ಷ ಒಂದೇ ವಿಧಾನದಲ್ಲಿ ಸಮೀಕ್ಷೆ ನಡೆಸಲಿ. ಕನಿಷ್ಠ ಹತ್ತು ವರ್ಷ ನಡೆಯುವಂತೆ ಅದಕ್ಕೆ ಬಜೆಟ್‌ನಲ್ಲಿ ಪ್ರತ್ಯೇಕ ಶೀರ್ಷಿಕೆಯ ಅಡಿಯಲ್ಲಿ ಹಣ ಮೀಸಲಿಡಲಿ. ಸಿಹಿನೀರಿನ ಜೀವವಿಜ್ಞಾನ ಓದಿದ ಯುವಕ ಯುವತಿಯರನ್ನು ಗುತ್ತಿಗೆಯ ಮೇಲಾದರೂ ನೇಮಿಸಿಕೊಂಡು ವಿಭಾಗ ಮಟ್ಟದಲ್ಲಿ ಒಬ್ಬರಂತೆ ಇರಿಸಲಿ. ನಮ್ಮ ವಿಶ್ವವಿದ್ಯಾಲಯಗಳಿಂದ ಹೊರಬರುವ ಪ್ರಾಣಿಶಾಸ್ತ್ರ ಪದವೀಧರರಲ್ಲಿ ಹೊಳೆಯ ಕೆಲಸಕ್ಕೆ ಬರಬೇಕೆಂಬ ಆಸೆಯಿರುವ ಮಕ್ಕಳು ಪ್ರತಿ ವರ್ಷ ನನ್ನನ್ನು ಕೇಳುತ್ತಾರೆ, ಅವರಿಗೆ ತೋರಿಸಲು ನನ್ನ ಬಳಿ ಒಂದು ಹುದ್ದೆಯೂ ಇಲ್ಲದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಸಮೀಕ್ಷೆಯ ಫಲಿತಾಂಶವನ್ನು ಹುಲಿ ಗಣತಿಯಂತೆಯೇ ಬಹಿರಂಗವಾಗಿ, ಅದೂ ಕನ್ನಡದಲ್ಲಿ ಪ್ರಕಟಿಸಿ ಆಯಾ ಗ್ರಾಮ ಪಂಚಾಯಿತಿಗಳಿಗೂ ಮೀನುಗಾರರ ಸಹಕಾರ ಸಂಘಗಳಿಗೂ ಕಳುಹಿಸಬೇಕು. ಯಾವ ಹೊಳೆಗೂ ಹೊರಗಿನ ಕೊಳ್ಳದ ಮೀನುಮರಿಗಳನ್ನು, ಅವು ಎಷ್ಟೇ ಒಳ್ಳೆಯ ಉದ್ದೇಶದವಾಗಿರಲಿ, ಸಮೀಕ್ಷೆಯ ಆಧಾರದ ಪರಿಶೀಲನೆಯಿಲ್ಲದೆ ಬಿಡದಂತೆ ಆದೇಶ ಹೊರಡಬೇಕು.

ನೀರು ಇಳಿದು ಬಂಡೆಗಳೂ ದಂಡೆಗಳೂ ತೆರೆದುಕೊಳ್ಳುವ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಅವಧಿ ನೀರುನಾಯಿ ಮತ್ತು ಆಮೆಗಳ ಗುರುತು ಹುಡುಕಲು ತಕ್ಕ ಕಾಲ, ಹತ್ತುಮೀನಿನ ಹಳ್ಳಗಳನ್ನು ಗುರುತಿಸಲು ಜೂನ್ ತಿಂಗಳು ಬೇಕು. ಬರುವ ಬೇಸಿಗೆಯಲ್ಲಿ ಕೆಲಸ ಆರಂಭವಾಗಬೇಕಾದರೆ ಹಣ ಮತ್ತು ಅನುಮತಿಗಳ ತೀರ್ಮಾನ ಈ ವರ್ಷದ ಕೊನೆಯೊಳಗೆ ಆಗಬೇಕಾಗುತ್ತದೆ. ಸಮೀಕ್ಷೆಯ ವಿಧಾನವನ್ನು ರೂಪಿಸಲು, ಸಿಬ್ಬಂದಿಗೆ ತರಬೇತಿ ಕೊಡಲು ನಾನೂ ನನ್ನ ಕ್ಷೇತ್ರದ ಗೆಳೆಯರೂ ಸಂಭಾವನೆಯ ಮಾತಿಲ್ಲದೆ ಸಿದ್ಧರಿದ್ದೇವೆ. ಸಂಬಂಧಪಟ್ಟ ಸಚಿವರು ಮತ್ತು ಅಧಿಕಾರಿಗಳು ಈ ಬಗ್ಗೆ ತಮ್ಮ ಪತ್ರಿಕೆಯ ಮೂಲಕವೇ ಉತ್ತರ ನೀಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಿಹಿನೀರಿನ ವನ್ಯಜೀವಿ ಸಂರಕ್ಷಣಾ ಜೀವವಿಜ್ಞಾನಿ,
ಶಿವಮೊಗ್ಗ